ನೆರೆ ಬಂದದ್ದು ಪ್ರಕೃತಿಯಿಂದಲೋ, ಕ್ಲೈಮೇಟ್ ಚೇಂಜ್‌ನಿಂದಲೋ?

[ದೃಶ್ಯ: ಕೆಸರಿನಲ್ಲಿ ಒಂದರ ಮೇಲೊಂದು ರಾಶಿ ಬಿದ್ದ ಕಾರುಗಳು. ಪರದೆಯ ಮೇಲೆ ಬರಹ: ವೆಲೆನ್ಸಿಯಾ, ಸ್ಪೇನ್, 29 ಅಕ್ಟೋಬರ್ 2024]

ನಮಸ್ಕಾರ. ತೂರಿಸ್ ಅಂತ ಒಂದು ಪಟ್ಟಣ. ಅವತ್ತು ಅಲ್ಲಿನ ಮಳೆಮಾಪಕದಲ್ಲಿ ಒಂದೇ ಗಂಟೆಗೆ 184.6 ಮಿಲಿಮೀಟರ್ ಮಳೆ ದಾಖಲಾಯ್ತು. ಇಡೀ ದಿನದ ಲೆಕ್ಕ 770 ಮಿಲಿಮೀಟರ್ ದಾಟಿತು. ಆ ನೆರೆಯಲ್ಲಿ ಸ್ಪೇನ್‌ನಲ್ಲಿ ಸತ್ತವರು 220ಕ್ಕೂ ಹೆಚ್ಚು ಜನ.

ಬೀದಿಯ ಕೆಸರು ಎತ್ತೋ ಮೊದಲೇ ಜಗಳ ಶುರುವಾಯ್ತು. ಒಂದು ಕಡೆಯವರು, "ಇದು ಕ್ಲೈಮೇಟ್ ಚೇಂಜ್" ಅಂದರು. ಇನ್ನೊಂದು ಕಡೆಯವರು, "1957ರಲ್ಲೂ ಇದೇ ವೆಲೆನ್ಸಿಯಾ ಮುಳುಗಿರಲಿಲ್ವಾ? ಆಗ ಯಾರು ಈ ಮಾತು ಎತ್ತಿದ್ರು?" ಅಂತ ಕೇಳಿದರು.

ಎರಡನೆಯವರು ಹೇಳಿದ್ದು ಸುಳ್ಳಲ್ಲ. 1957ರ ನೆರೆ ಎಷ್ಟು ಹೆದರಿಸಿತ್ತು ಅಂದ್ರೆ, ಊರಿನ ನಡುವೆ ಹರೀತಿದ್ದ ತೂರಿಯಾ ನದಿಯನ್ನೇ ಸರ್ಕಾರ ದಕ್ಷಿಣಕ್ಕೆ ತಿರುಗಿಸಿಬಿಡ್ತು. ಹಳೆಯ ನದಿಪಾತ್ರ ಈಗ ಉದ್ಯಾನ. 2024ರಲ್ಲಿ ಹಳೆಯ ನಗರ ಬಹುಮಟ್ಟಿಗೆ ಬಚಾವಾಯ್ತು. ಹೊಸ ಪಾತ್ರದ ಆಚೆಗಿರೋ ದಕ್ಷಿಣದ ಪಟ್ಟಣಗಳು ಮುಳುಗಿದವು. ಅಲ್ಲಿಗೆ ನುಗ್ಗಿದ್ದು ವರ್ಷದ ಬಹುಪಾಲು ದಿನ ಒಣಗಿಯೇ ಇರೋ ಪೋಯೋ ಅನ್ನೋ ಹಳ್ಳ.

ಇನ್ನೂ ಹಿಂದಕ್ಕೆ ಹೋಗಿ. 1342ರಲ್ಲಿ ಮಧ್ಯ ಯುರೋಪಿನಲ್ಲಿ, 1861-62ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 1887ರಲ್ಲಿ ಚೀನಾದ ಹಳದಿ ನದಿಯಲ್ಲಿ ಊರೂರೇ ಕೊಚ್ಚಿಹೋಗುವಂಥ ನೆರೆಗಳು ಬಂದಿದ್ದವು. ಹಾಗಾಗಿ "ನೆರೆ ಅಂದ್ರೇ ಕ್ಲೈಮೇಟ್ ಚೇಂಜ್" ಅನ್ನೋ ಮಾತನ್ನ ಇಲ್ಲೇ ಬಿಟ್ಟುಬಿಡೋಣ.

ಆದರೆ "ಹಿಂದೆಯೂ ಇತ್ತು" ಅಂದುಬಿಟ್ಟರೆ "ಈಗ ಏನೂ ಬದಲಾಗಿಲ್ಲ" ಅಂತ ಆಗಲ್ಲ. ಕಾಡ್ಗಿಚ್ಚು ಮನುಷ್ಯ ಹುಟ್ಟೋ ಮೊದಲೂ ಇತ್ತು. ಹಾಗಂತ ಬೆಂಕಿ ಹಚ್ಚಿದವರು ಯಾರೂ ಇಲ್ಲ ಅಂತೀವಾ?

[ಚಿತ್ರ: ಸಮುದ್ರದಿಂದ ಮೇಲೇಳುವ ನೀರಾವಿ]

ಭೌತಶಾಸ್ತ್ರ ಇಲ್ಲಿ ಸರಳ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ, ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನ ಹಿಡಿದಿಟ್ಟುಕೊಳ್ಳಬಲ್ಲದು. 19ನೇ ಶತಮಾನದಲ್ಲೇ ಗೊತ್ತಿದ್ದ ನಿಯಮ ಇದು, ಯಾವ ರಾಜಕೀಯವೂ ಇದರಲ್ಲಿಲ್ಲ. ಕೈಗಾರಿಕಾ ಯುಗಕ್ಕೆ ಮುಂಚಿನ ಕಾಲಕ್ಕೆ ಹೋಲಿಸಿದರೆ ಭೂಮಿ ಈಗ 1.3 ಡಿಗ್ರಿಯ ಆಸುಪಾಸು ಬಿಸಿಯಾಗಿದೆ. ಅಂದ್ರೆ ಮಳೆ ಸುರಿಸೋಕೆ ಮೋಡಕ್ಕೆ ಸಿಗೋ ನೀರು ಜಾಸ್ತಿ.

ವೆಲೆನ್ಸಿಯಾ ವಿಷಯದಲ್ಲಿ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಅನ್ನೋ ವಿಜ್ಞಾನಿಗಳ ಗುಂಪು ತುರ್ತಾಗಿ ಮಾಡಿದ ಲೆಕ್ಕದ ಪ್ರಕಾರ, ಆ ಥರದ ಒಂದು ದಿನದ ಮಳೆಯ ಬಿರುಸು ಸುಮಾರು ಶೇಕಡಾ 12ರಷ್ಟು ಹೆಚ್ಚಾಗಿದೆ, ಅಂಥ ಮಳೆ ಬರೋ ಸಾಧ್ಯತೆ ಹೆಚ್ಚೂಕಮ್ಮಿ ಎರಡುಪಟ್ಟಾಗಿದೆ.

"ಬರೀ 12 ಪರ್ಸೆಂಟಾ? ಹಾಗಾದ್ರೆ ಮಿಕ್ಕ ಮಳೆ ಹೇಗೂ ಬರ್ತಿತ್ತಲ್ಲ!" ಅಂತ ನಿಮಗೆ ಅನ್ನಿಸಬಹುದು. ಹೌದು, ಬರ್ತಿತ್ತು. ಆದರೆ ಹಾನಿ ಆ ಲೆಕ್ಕದಲ್ಲಿ ನಡೆಯಲ್ಲ, ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸೋಣ. ಮೊದಲು ಬಿದ್ದ ಮಳೆಯಲ್ಲಿ ಒಂದಷ್ಟು ನೆಲಕ್ಕೆ ಇಂಗುತ್ತೆ, ಒಂದಷ್ಟು ಕೆರೆ-ಹಳ್ಳಗಳಿಗೆ ಸೇರುತ್ತೆ, ನದಿ ತನ್ನ ದಂಡೆಯೊಳಗೇ ಸಾಗಿಸುತ್ತೆ. ಆಮೇಲೆ ಬೀಳೋ ಮಳೆಗೆ ಇದ್ಯಾವ ಜಾಗವೂ ಉಳಿದಿರಲ್ಲ. ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ಸುರಿದ ಹಾಗೆ, ಪೂರ್ತಿ ಹೊರಗೇ ಚೆಲ್ಲುತ್ತೆ. ಒಡ್ಡು 5 ಮೀಟರ್ ಎತ್ತರ ಇದ್ದು ನೀರು 4.9ಕ್ಕೆ ನಿಂತರೆ ಅದು ಸುದ್ದಿಯೇ ಆಗಲ್ಲ. ಅದೇ 5.2ಕ್ಕೆ ಬಂದರೆ ಊರು ಹೋಯ್ತು. ಮಳೆಯ ಹೆಚ್ಚಳ ಸಣ್ಣದಿದ್ದರೂ ನೆರೆಯ ಹಾನಿ ಸಣ್ಣದಾಗಿರಬೇಕು ಅಂತೇನಿಲ್ಲ.

[ಚಿತ್ರ: ಅಕ್ಕಪಕ್ಕದಲ್ಲಿ ಎರಡು ಭೂಮಿ, ಒಂದು ಈಗಿನದು, ಇನ್ನೊಂದು ಹೊಗೆ ಉಗುಳದೆ ಹೋಗಿದ್ದರೆ ಇರುತ್ತಿದ್ದದ್ದು]

ಈ 12 ಪರ್ಸೆಂಟ್ ಎಲ್ಲಿಂದ ಬಂತು? ಇದರ ಮೂಲದಲ್ಲಿರೋ ಆಲೋಚನೆಯನ್ನ ಮೊದಲು ಮುಂದಿಟ್ಟವರಲ್ಲಿ ಬ್ರಿಟನ್ನಿನ ಹವಾಮಾನ ವಿಜ್ಞಾನಿ ಮೈಲ್ಸ್ ಆಲೆನ್ ಒಬ್ಬರು. 2003ರಲ್ಲಿ ಥೇಮ್ಸ್ ನದಿ ಉಕ್ಕಿ ತಮ್ಮ ಅಡುಗೆಮನೆ ಬಾಗಿಲ ಹತ್ತಿರಕ್ಕೇ ನೀರು ಬಂದಿದ್ದಾಗ ಅವರು ಬರೆದ ಲೇಖನದ ಪ್ರಶ್ನೆ ಇದು: ಈ ನೆರೆಯ ನಷ್ಟಕ್ಕೆ ಯಾರನ್ನಾದರೂ ಹೊಣೆ ಮಾಡಬಹುದಾ? ದಾರಿ ಹೀಗೆ. ಕಂಪ್ಯೂಟರ್ ಮಾದರಿಗಳಲ್ಲಿ ಈಗಿನ ಭೂಮಿಯನ್ನ ಸಾವಿರಾರು ಸಲ ಓಡಿಸೋದು. ಮನುಷ್ಯರು ಗಾಳಿಗೆ ಬಿಟ್ಟ ಇಂಗಾಲ ಇಲ್ಲದ ಭೂಮಿಯನ್ನೂ ಅಷ್ಟೇ ಸಲ ಓಡಿಸೋದು. ಅಂಥ ಮಳೆ ಎರಡರಲ್ಲೂ ಎಷ್ಟೆಷ್ಟು ಸಲ ಬರುತ್ತೆ ಅಂತ ಎಣಿಸೋದು. ಹಳೆಯ ಮಳೆ ದಾಖಲೆಗಳನ್ನೂ ಜೊತೆಗಿಟ್ಟು ನೋಡೋದು.

ಈ ವಿಧಾನವನ್ನ ನಾನು ನಂಬೋಕೆ ಕಾರಣ ಅದು "ಹೌದು" ಅಂದ ಸಂದರ್ಭಗಳಲ್ಲ, "ಇಲ್ಲ" ಅಂದ ಸಂದರ್ಭಗಳು.

2011ರಲ್ಲಿ ಥಾಯ್ಲೆಂಡ್‌ನ ಚಾವೋ ಫ್ರಾಯಾ ನದಿ ಉಕ್ಕಿ 800ಕ್ಕೂ ಹೆಚ್ಚು ಜನ ಸತ್ತರು, ಕಾರ್ಖಾನೆಗಳು ತಿಂಗಳುಗಟ್ಟಲೆ ನಿಂತವು. ವಿಜ್ಞಾನಿಗಳು ಲೆಕ್ಕ ಹಾಕಿ, ಆ ಮಳೆಯಲ್ಲಿ ಕ್ಲೈಮೇಟ್ ಚೇಂಜ್‌ನ ಕೈ ಕಾಣ್ತಿಲ್ಲ, ನೀರು ಹರಿಯೋ ಬಯಲಿನಲ್ಲಿ ಎದ್ದ ಕಟ್ಟಡಗಳನ್ನೂ ಜಲಾಶಯಗಳ ನಿರ್ವಹಣೆಯನ್ನೂ ನೋಡಿ ಅಂದರು. 2023ರ ಮೇ ತಿಂಗಳಲ್ಲಿ ಇಟಲಿಯ ಎಮಿಲಿಯಾ-ರೊಮಾನ್ಯಾದಲ್ಲಿ ಮೂರು ವಾರಗಳಲ್ಲಿ ಮೂರು ಸಲ ಬಿರುಮಳೆ ಸುರಿದಾಗಲೂ ಹೆಚ್ಚಿನ ಮಾದರಿಗಳಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಅದನ್ನೂ ಹಾಗೇ ಪ್ರಕಟಿಸಿದರು. ಟಿವಿ ಚರ್ಚೆಗಳಲ್ಲಿ ಇಂಥವು ಕಾಣಿಸಿಕೊಳ್ಳೋದು ಅಪರೂಪ, ಯಾಕಂದ್ರೆ ಎರಡು ಕಡೆಯವರಿಗೂ ಇದು ಪೂರ್ತಿಯಾಗಿ ಒಗ್ಗಲ್ಲ.

[ಪರದೆಯ ಮೇಲೆ: ಬಿರುಮಳೆ ಬೇರೆ, ನೆರೆ ಬೇರೆ]

ಎಲ್ಲರೂ ಎಡವೋ ಜಾಗ ಇದು. ಐಪಿಸಿಸಿ, ಅಂದ್ರೆ ಕ್ಲೈಮೇಟ್ ಚೇಂಜ್ ಬಗ್ಗೆ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ. ಅದರ 2021ರ ವರದಿ, 1950ರ ದಶಕದಿಂದ ಈಚೆಗೆ ಬಿರುಮಳೆ ಹೆಚ್ಚಾಗಿದೆ ಅಂತ ದಾಖಲೆ ಇರೋ ಬಹುಪಾಲು ಭೂಭಾಗಕ್ಕೆ ಅನ್ವಯಿಸಿ ಹೇಳುತ್ತೆ. ಆದರೆ ಜಗತ್ತಿನ ನದಿಗಳ ನೆರೆ ಮನುಷ್ಯನಿಂದಲೇ ಬದಲಾಗಿದೆಯಾ ಅಂದ್ರೆ ಅದೇ ವರದಿ ಹಿಂಜರಿಯುತ್ತೆ. 2019ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಯುರೋಪಿನ ನದಿಗಳ ಐವತ್ತು ವರ್ಷಗಳ ದಾಖಲೆ ತೆಗೆದು ನೋಡಿತು. ವಾಯವ್ಯ ಯುರೋಪಿನಲ್ಲಿ ನೆರೆ ಹೆಚ್ಚಿದೆ. ದಕ್ಷಿಣದಲ್ಲೂ ಪೂರ್ವದಲ್ಲೂ ಕಮ್ಮಿಯಾಗಿದೆ! ಅದಕ್ಕೂ ತಾಪಮಾನ ಏರಿಕೆಯೇ ಕಾರಣ: ಪೂರ್ವದಲ್ಲಿ ಹಿಮ ಕಮ್ಮಿ ಬಿದ್ದರೆ ಕರಗೋಕೂ ಕಮ್ಮಿ, ದಕ್ಷಿಣದಲ್ಲಿ ನೆಲ ಒಣಗಿದ್ದರೆ ಹೆಚ್ಚು ನೀರು ಕುಡಿಯುತ್ತೆ. ಬಿಸಿಯಾದ ಭೂಮಿ ಅಂದ್ರೆ ಎಲ್ಲೆಡೆ ಹೆಚ್ಚು ನೆರೆ ಅನ್ನೋ ಸಮೀಕರಣ ನಿಲ್ಲಲ್ಲ.

ಮಳೆ ನೆಲ ಮುಟ್ಟಿದ ಮೇಲಿನ ಕಥೆಯಲ್ಲಿ ಆಕಾಶಕ್ಕಿಂತ ನಮ್ಮ ಪಾತ್ರವೇ ದೊಡ್ಡದು. 2017ರಲ್ಲಿ ಹಾರ್ವೆ ಚಂಡಮಾರುತ ಟೆಕ್ಸಸ್ ಮೇಲೆ ಬೀಡುಬಿಟ್ಟಾಗ ಒಂದು ಕಡೆ 1,500 ಮಿಲಿಮೀಟರ್‌ಗೂ ಹೆಚ್ಚು ಮಳೆಯಾಯ್ತು. ತಾಪಮಾನ ಏರಿಕೆ ಮಳೆಯನ್ನ ಸುಮಾರು ಶೇಕಡಾ 15ರಷ್ಟು ಹೆಚ್ಚಿಸಿತ್ತು ಅಂತ ಒಂದು ಲೆಕ್ಕ. ಹ್ಯೂಸ್ಟನ್ ನಗರ ಕಾಂಕ್ರೀಟಾಗಿ ಬೆಳೆದದ್ದರಿಂದ ಅಂಥ ನೆರೆಯ ಸಾಧ್ಯತೆ ಸರಾಸರಿ 21 ಪಟ್ಟು ಏರಿತ್ತು ಅಂತ ಇನ್ನೊಂದು ಲೆಕ್ಕ.

2023ರ ಸೆಪ್ಟೆಂಬರ್‌ನಲ್ಲಿ ಲಿಬಿಯಾದ ಡೆರ್ನಾದಲ್ಲಿ ಒಂದೇ ರಾತ್ರಿ ಸಾವಿರಾರು ಜನ ಸಮುದ್ರಕ್ಕೆ ಕೊಚ್ಚಿಹೋದರು. ಆ ಬಿರುಗಾಳಿಯ ಮಳೆಯಲ್ಲಿ ತಾಪಮಾನ ಏರಿಕೆಯ ಪಾಲಿತ್ತು ಅಂತ ವಿಜ್ಞಾನಿಗಳು ಹೇಳಿದ್ದಾರೆ. ಆದರೆ ಊರನ್ನ ಕೆಡವಿದ್ದು ಒಡೆದ ಎರಡು ಅಣೆಕಟ್ಟುಗಳು. 1970ರ ದಶಕದಲ್ಲಿ ಕಟ್ಟಿದ್ದವು, ದುರಸ್ತಿ ಆಗಿರಲಿಲ್ಲ. 2022ರಲ್ಲೇ ಲಿಬಿಯಾದ ಒಬ್ಬ ಸಂಶೋಧಕರು ಅಪಾಯ ಇದೆ ಅಂತ ಬರೆದಿದ್ದರು. ಇಲ್ಲಿ ನಿಂತು "ಇದು ಕ್ಲೈಮೇಟ್ ಚೇಂಜ್, ನಾವೇನು ಮಾಡೋಕಾಗುತ್ತೆ" ಅಂದ್ರೆ ಅದು ನುಣುಚಿಕೊಳ್ಳೋ ಮಾತು. "ಇದು ದೇವರ ಆಟ" ಅನ್ನೋದೂ ಅಷ್ಟೇ.

[ನಕ್ಷೆ: ದಕ್ಷಿಣ ಬ್ರೆಜಿಲ್, ಪೋರ್ಟೊ ಅಲೆಗ್ರೆ]

ಹಾಗಾದ್ರೆ ಒಂದೇ ನೆರೆಯಲ್ಲಿ ಯಾವ್ಯಾವುದರ ಪಾಲು ಎಷ್ಟು? ಇದಕ್ಕೆ ಒಳ್ಳೆಯ ಉದಾಹರಣೆ 2024ರ ಮೇ ತಿಂಗಳ ಬ್ರೆಜಿಲ್. ಪೋರ್ಟೊ ಅಲೆಗ್ರೆಯಲ್ಲಿ 1941ರ ನೆರೆಯ ಮಟ್ಟ 4.76 ಮೀಟರ್, ಅಲ್ಲಿಯವರೆಗೆ ಅದೇ ದಾಖಲೆಯಾಗಿತ್ತು. ಈ ಸಲ ನೀರು 5 ಮೀಟರ್ ದಾಟಿತು. ಸಂಶೋಧಕರ ಲೆಕ್ಕದಲ್ಲಿ ಕ್ಲೈಮೇಟ್ ಚೇಂಜ್ ಅಂಥ ಮಳೆಯ ಸಾಧ್ಯತೆಯನ್ನ ಎರಡು ಪಟ್ಟಿಗಿಂತ ಹೆಚ್ಚು ಮಾಡಿತ್ತು. ಪೆಸಿಫಿಕ್ ಸಾಗರದ ನೀರು ಆಗಾಗ ಬಿಸಿಯಾಗೋ, ಪೂರ್ತಿ ನೈಸರ್ಗಿಕವಾದ ಎಲ್ ನಿನೋ ಎರಡರಿಂದ ಐದು ಪಟ್ಟು ಹೆಚ್ಚಿಸಿತ್ತು. 1941ರ ಪಾಠ ಕಲಿತು ಕಟ್ಟಿದ್ದ ಗೋಡೆ, ಗೇಟು, ಪಂಪುಗಳು ಸರಿಯಾಗಿ ಕೆಲಸ ಮಾಡಲಿಲ್ಲ. ಗೇಟು ಮುರೀತು, ಪಂಪ್‌ಹೌಸ್‌ಗಳೇ ಮುಳುಗಿದವು.

ಈ ಎಲ್ ನಿನೋ ಎರಡರಿಂದ ಏಳು ವರ್ಷಕ್ಕೊಮ್ಮೆ ಬರುತ್ತೆ, ಒಂದು ಕಡೆ ನೆರೆ ತಂದು ಇನ್ನೊಂದು ಕಡೆ ಬರ ತರುತ್ತೆ. ಅದು ಹೇಗೆ ಅನ್ನೋದು ಮುಂದಿನ ವಿಡಿಯೋದಲ್ಲಿ.