ಕಲ್ಲಿದ್ದಲು ಷೇರು ಕೊಳ್ಳುವ ಮುಂಚೆ ಸಾಲ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಕಲ್ಲಿದ್ದಲಿನ ರೇಟು ಏರಿದೆ ಅಂತ ಪೇಪರಿನಲ್ಲಿ ಬಂದ ದಿನ ನನಗೆ ಫೋನ್ ಶುರುವಾಗುತ್ತದೆ. "ಸಾರ್, ಗಣಿ ಕಂಪನಿ ಷೇರು ತಗೊಳ್ಳೋಣ್ವಾ? ಪಿಇ ಬರೀ ಐದು!" ನಾನು ಎಲ್ಲರಿಗೂ ಕೇಳುವುದು ಒಂದೇ. ಆ ಕಂಪನಿಯ ಸಾಲ ನೋಡಿದ್ರಾ?

ಪಿಇ ಅಂದರೆ ಷೇರಿನ ಬೆಲೆ ಅದರ ಒಂದು ವರ್ಷದ ಲಾಭದ ಎಷ್ಟು ಪಟ್ಟು ಅನ್ನುವ ಲೆಕ್ಕ. ರೇಟು ಏರಿದ ವರ್ಷ ಲಾಭ ಉಬ್ಬಿರುತ್ತದೆ, ಹಾಗಾಗಿ ಷೇರು ಅಗ್ಗ ಅನ್ನಿಸುತ್ತದೆ. ರೇಟು ಬಿದ್ದಾಗ ಲಾಭ ಇಳಿಯುತ್ತದೆ. ಸಾಲ ಮಾತ್ರ ಇಳಿಯುವುದಿಲ್ಲ.

ಇದನ್ನು ನನಗೆ ಕಲಿಸಿದ್ದು ಶಿರಸಿ ಕಡೆಯ ನಮ್ಮ ಚಿಕ್ಕಪ್ಪನ ವೆನಿಲಾ ತೋಟ. 2003ರ ಸುಮಾರಿಗೆ ಹಸಿ ವೆನಿಲಾ ಕೆಜಿಗೆ ಸಾವಿರಾರು ರೂಪಾಯಿ. ಮಲೆನಾಡಿನವರಿಗೆ ನೆನಪಿರಬೇಕು, ಅಲ್ವಾ? ವೆನಿಲಾ ಹೂವು ಅರಳುವುದು ಒಂದೇ ಬೆಳಿಗ್ಗೆ. ಚಿಕ್ಕಮ್ಮ ಕಾಫಿಯನ್ನೂ ಕುಡಿಯದೆ, ಕೈಯಲ್ಲೊಂದು ಚೂಪು ಕಡ್ಡಿ ಹಿಡಿದು, ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುತ್ತಿದ್ದರು. ರಾತ್ರಿ ಕಳ್ಳರ ಕಾಟ. ಚಿಕ್ಕಪ್ಪ ಟಾರ್ಚು, ಕಂಬಳಿ ಹಿಡಿದು ತೋಟದಲ್ಲೇ ಮಲಗುತ್ತಿದ್ದರು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಸಾಲ ಮಾಡಿ, ಪಕ್ಕದ ತೋಟವನ್ನು ದುಪ್ಪಟ್ಟು ಬೆಲೆಗೆ ಕೊಂಡರು.

ರೇಟು ಏರಿದ್ದೇಕೆ? 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಅಲ್ಲಿನ ಬಳ್ಳಿಗಳು ನೆಲಕಚ್ಚಿದ್ದವು. ಅವು ಮತ್ತೆ ಚಿಗುರಿದವು, ನಮ್ಮಲ್ಲೂ ಮನೆಮನೆಯಲ್ಲಿ ಬಳ್ಳಿ ಹಬ್ಬಿತು. ಎರಡೇ ವರ್ಷದಲ್ಲಿ ರೇಟು ಬಿದ್ದು, ಕೂಲಿಯ ಖರ್ಚೂ ಹುಟ್ಟದಂತಾಯಿತು. ಸಾಲವಿಲ್ಲದ ನೆರೆಯವರು ಬಳ್ಳಿ ಕಿತ್ತು ಸುಮ್ನೆ ಅಡಿಕೆ ನೋಡಿಕೊಂಡರು. ಚಿಕ್ಕಪ್ಪ ಅಡಿಕೆಯ ದುಡ್ಡಲ್ಲಿ ಒಂಬತ್ತು ವರ್ಷ ಕಂತು ಕಟ್ಟಿದರು. ಬೆಳೆ ಅದೇ, ಮಳೆ ಅದೇ. ವ್ಯತ್ಯಾಸ ಸಾಲದ್ದು.

ಈಗ ಕಲ್ಲಿದ್ದಲಿಗೆ ಬನ್ನಿ. 2010ರ ಕೊನೆಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಭಾರಿ ನೆರೆ ಬಂತು, ಗಣಿಗಳಿಗೆ ನೀರು ನುಗ್ಗಿತು. ಉಕ್ಕಿನ ಕುಲುಮೆಗೆ ಹಾಕುವ ಕಲ್ಲಿದ್ದಲು 2011ರಲ್ಲಿ ಟನ್ನಿಗೆ 330 ಡಾಲರ್ ಮುಟ್ಟಿತು. ಅದೇ ವರ್ಷ ಅಮೆರಿಕದ ಗಣಿ ಕಂಪನಿ ಆಲ್ಫಾ 710 ಕೋಟಿ ಡಾಲರ್‌ಗೆ ಮ್ಯಾಸಿ ಅನ್ನುವ ಇನ್ನೊಂದು ಗಣಿ ಕಂಪನಿಯನ್ನು ಕೊಂಡಿತು. ಅಮೆರಿಕದ್ದೇ ಆದ ಆರ್ಚ್ 340 ಕೋಟಿ ಡಾಲರ್‌ಗೆ ಇನ್ನೊಂದು ಗಣಿ ಕಂಪನಿಯನ್ನು, ಪೀಬಾಡಿ ಆಸ್ಟ್ರೇಲಿಯಾದ ಮೆಕಾರ್ಥರ್ ಕಂಪನಿಯನ್ನು ಕೊಂಡವು. ಮೂವರೂ ಸಾಲ ಮಾಡಿ ಪಕ್ಕದ ತೋಟ ಕೊಂಡರು. ನೆರೆ ಇಳಿಯಿತು, ಗಣಿಗಳು ಮತ್ತೆ ಶುರುವಾದವು, ಚೀನಾದ ಬೇಡಿಕೆ ತಗ್ಗಿತು. 2016ರ ಆರಂಭಕ್ಕೆ ಅದೇ ಕಲ್ಲಿದ್ದಲಿನ ರೇಟು 80 ಡಾಲರ್ ಆಸುಪಾಸು. 2015ರ ಆಗಸ್ಟಿನಲ್ಲಿ ಆಲ್ಫಾ, 2016ರ ಜನವರಿಯಲ್ಲಿ ಆರ್ಚ್, ಏಪ್ರಿಲ್‌ನಲ್ಲಿ ಪೀಬಾಡಿ ದಿವಾಳಿ ಅರ್ಜಿ ಹಾಕಿದವು. ಪೀಬಾಡಿಯ ಹಳೆಯ ಷೇರುಗಳು ರದ್ದೇ ಆದವು. ನೆಲದಡಿಯ ಕಲ್ಲಿದ್ದಲು ಎಲ್ಲಿಗೂ ಹೋಗಿರಲಿಲ್ಲ.

ಆದ್ದರಿಂದಲೇ ಮತ್ತೆ ಮತ್ತೆ ಹೇಳುತ್ತೇನೆ, ದಯವಿಟ್ಟು ಸಾಲ ನೋಡಿ.

ಟೈಮ್ ಆಗುತ್ತಾ ಬಂತು. ಸರ್ಕಾರಿ ಗಣಿ ಕಂಪನಿ ಕೋಲ್ ಇಂಡಿಯಾ ಬಗ್ಗೆ ಕೇಳುವವರೇ ಜಾಸ್ತಿ, ಅದಕ್ಕೊಂದು ಮಾತು. ಅದರ ಕಲ್ಲಿದ್ದಲಿನಲ್ಲಿ ಹೆಚ್ಚಿನ ಪಾಲು ವಿದ್ಯುತ್ ಸ್ಥಾವರಗಳಿಗೆ ಒಪ್ಪಂದದ ರೇಟಿನಲ್ಲಿ ಹೋಗುತ್ತದೆ. ಹರಾಜಿಗೆ ಬರುವುದು ಸ್ವಲ್ಪ, ಹಾಗಾಗಿ ಪೇಟೆಯ ರೇಟು ಏರಿದರೂ ಆ ಏರಿಕೆ ಅದಕ್ಕೆ ಪೂರ್ತಿ ಸಿಗುವುದಿಲ್ಲ. 2022ರಲ್ಲಿ ಆಸ್ಟ್ರೇಲಿಯಾದ ನ್ಯೂಕಾಸಲ್ ಬಂದರಿನಿಂದ ಹೋಗುವ, ವಿದ್ಯುತ್ ಸ್ಥಾವರಕ್ಕೆ ಬಳಸುವ ಕಲ್ಲಿದ್ದಲು ಟನ್ನಿಗೆ 400 ಡಾಲರ್ ದಾಟಿತು. ಆಗಲೂ, 2010ರಲ್ಲಿ 245 ರೂಪಾಯಿಗೆ ಮಾರುಕಟ್ಟೆಗೆ ಬಂದ ಕೋಲ್ ಇಂಡಿಯಾ ಷೇರು ಅದೇ ಬೆಲೆಯ ಸುತ್ತಮುತ್ತ ಇಲ್ಲವೇ ಅದಕ್ಕಿಂತ ಕೆಳಗೆ ಇತ್ತು. ಡಿವಿಡೆಂಡ್, ಅಂದರೆ ಕಂಪನಿ ಷೇರುದಾರರಿಗೆ ಹಂಚುವ ಲಾಭ, ಬೇರೆ ಲೆಕ್ಕ, ಅದಕ್ಕೆ ಇವತ್ತು ಪುರುಸೊತ್ತಿಲ್ಲ.

ನಾಳೆ ಒಂದು ಕೆಲಸ ಮಾಡಿ. ನೀವು ಕೊಳ್ಳಬೇಕೆಂದಿರುವ ಕಂಪನಿಯ ವಾರ್ಷಿಕ ವರದಿ ತೆಗೆದು, ಐದು ವರ್ಷದ ಸಾಲವನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಲಾಭ ಉಕ್ಕಿದ ವರ್ಷವೇ ಸಾಲವೂ ಏರಿದ್ದರೆ, ಆ ದುಡ್ಡಲ್ಲಿ ಏನು ಕೊಂಡರು, ಎಷ್ಟಕ್ಕೆ ಕೊಂಡರು ಅಂತ ಹುಡುಕಿ. ಅದು ಗೊತ್ತಾಗುವ ತನಕ ನನಗೆ ಫೋನ್ ಮಾಡಬೇಡಿ. ನಮಸ್ಕಾರ.