ಒತ್ತಕ್ಷರಕ್ಕೂ ಜಾಗ ಬೇಕು

ಕೇಳುಗರಿಗೆ ನಮಸ್ಕಾರ. ಹತ್ತಿರದಲ್ಲಿ ಎಟಿಎಂ ಕಾರ್ಡ್ ಇದ್ದರೆ ಒಮ್ಮೆ ಕೈಗೆ ತೆಗೆದುಕೊಳ್ಳಿ. ಉದ್ದ 85.6 ಮಿಲಿಮೀಟರ್, ಅಗಲ ಹತ್ತಿರ ಹತ್ತಿರ 54, ದಪ್ಪ ಮುಕ್ಕಾಲು ಮಿಲಿಮೀಟರ್. ಶಾಲೆಯ ಮಕ್ಕಳು ಕೊರಳಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಐಡಿ ಕಾರ್ಡನ್ನೂ ಹೆಚ್ಚಾಗಿ ಇದೇ ಅಳತೆಯಲ್ಲಿ ಮಾಡುತ್ತೇವೆ. ಬದಿಯಡ್ಕದ ನನ್ನ ಡಿಟಿಪಿ ಅಂಗಡಿಯಲ್ಲಿ ಜೂನ್ ತಿಂಗಳಿಡೀ ಇದೇ ಕೆಲಸ.

ನಮ್ಮ ಕಾಸರಗೋಡಿನ ಕಾರ್ಡಿನಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಕೂರಬೇಕು. ಮೂರರ ಮೈಕಟ್ಟೂ ಬೇರೆ. 1971ರ ಲಿಪಿ ಸುಧಾರಣೆಯಲ್ಲಿ ಮಲಯಾಳದ ಉಕಾರದಂಥ ಚಿಹ್ನೆಗಳು ಅಕ್ಷರದಿಂದ ಬಿಡಿಸಿಕೊಂಡು ಪಕ್ಕಕ್ಕೆ ಬಂದವು. ಹಾಗಾಗಿ ಮಲಯಾಳದ ಹೆಸರು ಅಡ್ಡಕ್ಕೆ ಹಬ್ಬುತ್ತದೆ. ಕನ್ನಡದ್ದು ಕೆಳಕ್ಕೆ ಇಳಿಯುತ್ತದೆ. ಇಂಗ್ಲಿಷಿಗೆಂದು ಮಾಡಿಟ್ಟ ನಮೂನೆಯಲ್ಲಿ ಹಾಗೆ ಇಳಿಯಲು ಎಡೆಯೇ ಇರುವುದಿಲ್ಲ.

ಇದು ನನಗೆ ಗೊತ್ತಾದದ್ದು ತಪ್ಪು ಮಾಡಿದ ಮೇಲೆ. ಕುಂಬಳೆ ಕಡೆಯ ಒಂದು ಶಾಲೆಯ ಕಾರ್ಡಿನಲ್ಲಿ ಹೆಸರಿನ ಕೆಳಗೆ ನೀಲಿ ಪಟ್ಟಿ ಹಾಕಿದ್ದೆ. ಒಬ್ಬಳು ಹುಡುಗಿಯ ಹೆಸರಿನ ಒತ್ತು ಆ ಪಟ್ಟಿಯಡಿ ಮುಚ್ಚಿಹೋಗಿತ್ತು. ಅವಳ ಅಮ್ಮ ಅಂಗಡಿಗೆ ಬಂದು, "ಅಣ್ಣಾ, ಇಂಗ್ಲಿಷಿನಲ್ಲಿ ಸರಿ ಉಂಟು, ಮಲಯಾಳದಲ್ಲೂ ಸರಿ ಉಂಟು. ನಮ್ಮ ಭಾಷೆಯಲ್ಲಿ ಮಾತ್ರ ಯಾಕೆ ಹೀಗೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವತ್ತು ರಾತ್ರಿಯೇ ಕೂತು ಎಲ್ಲವನ್ನೂ ಹೊಸದಾಗಿ ಮುದ್ರಿಸಿದೆ.

ಅಂದಿನಿಂದ ಕನ್ನಡದ ಸಾಲನ್ನೇ ಮೊದಲು ಕೂರಿಸುತ್ತೇನೆ. ಅಕ್ಷರ 9 ಪಾಯಿಂಟ್ ಇದ್ದರೆ ಸಾಲಿನಿಂದ ಸಾಲಿಗೆ 14 ಪಾಯಿಂಟ್ ಬಿಡುತ್ತೇನೆ. ಮಿಕ್ಕ ಎರಡು ಭಾಷೆಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಅಂಚಿಗೆ ಇನ್ನೂ 3 ಮಿಲಿಮೀಟರ್ ಇರುವಾಗಲೇ ಬರವಣಿಗೆ ಮುಗಿಯಬೇಕು. ಹಿನ್ನೆಲೆಯ ಬಣ್ಣವನ್ನು ಮಾತ್ರ ಅಂಚು ದಾಟಿಸಿ ಬಿಡಬೇಕು. ದಾರ ಪೋಣಿಸುವ ತೂತು ಎಲ್ಲಿ ಬರುತ್ತದೆಂದು ಮೊದಲೇ ಗುರುತು ಮಾಡಿಕೊಂಡರೆ ಶಾಲೆಯ ಹೆಸರು ತುಂಡಾಗದು.

ಇನ್ನು ಬಣ್ಣ. ಹೆಸರು ಕಡುನೀಲಿಯಲ್ಲಿರಲಿ ಎಂದು ಹಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಪ್ರಿಂಟರಿನ ರಿಬ್ಬನ್ನಿನಲ್ಲಿರುವ ಹಳದಿ, ಮೆಜೆಂಟಾ, ಸಯಾನ್ ಬಣ್ಣಗಳು ಬಿಸಿಗೆ ಆವಿಯಾಗಿ ಪ್ಲಾಸ್ಟಿಕ್ಕಿಗೆ ಇಳಿಯುತ್ತವೆ, ಇಳಿಯುವಾಗ ಚೂರು ಹರಡುತ್ತವೆ. ಮಗುವಿನ ಮುಖಕ್ಕೆ ಆ ನಯ ಬೇಕು. ಪುಟ್ಟ ಒತ್ತಕ್ಷರ ಮಾತ್ರ ಅದರಲ್ಲಿ ಕಲಸಿಹೋಗುತ್ತದೆ. ಕಪ್ಪು ಹಾಗಲ್ಲ, ಅದು ರಾಳ. ಕರಗಿ ಮೇಲೆ ಅಂಟುತ್ತದೆ, ಗೆರೆ ಚೊಕ್ಕ ಬರುತ್ತದೆ. ಹೆಸರಿಗೂ ಬಾರ್‌ಕೋಡಿಗೂ ಅಪ್ಪಟ ಕಪ್ಪನ್ನೇ ಕೊಡಿ.

ಶಾಲೆಯವರಲ್ಲಿ ಒಂದು ವಿನಂತಿ: ಹೆಸರಿನ ಪಟ್ಟಿಯನ್ನು ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡಿನಲ್ಲೇ ಟೈಪ್ ಮಾಡಿ ಕಳಿಸಿ. ಹಳೆಯ ಫಾಂಟಿನದ್ದಾದರೆ ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ.

ಎಲ್ಲ ಕಾರ್ಡುಗಳಿಗೂ ಮೊದಲು ಒಂದೇ ಒಂದನ್ನು ತೆಗೆಯುತ್ತೇನೆ. ಅದರಲ್ಲಿ ಬರೆಯುವ ಹೆಸರು ಜ್ಯೋತ್ಸ್ನಾ. ಜಕಾರಕ್ಕೆ ಯ ಒತ್ತು, ತಕಾರಕ್ಕೆ ಸ ಒತ್ತು, ಅದರ ಜೊತೆಗೆ ನ ಒತ್ತು. ಅದನ್ನು ಶಾಲೆಯ ಕನ್ನಡ ಟೀಚರ ಕೈಗೆ ಕೊಡುತ್ತೇನೆ. ಅವರು ತಡವರಿಸದೆ ಓದಿದರೆ ಮಾತ್ರ ಉಳಿದ ಕಾರ್ಡುಗಳನ್ನು ಮುದ್ರಣಕ್ಕೆ ಹಾಕುತ್ತೇನೆ.