ಬೈಪಾಸು ಬಿಟ್ಟು ಬೇಕರಿಯ ಕಡೆಗೆ

ಕೇಳುಗರಿಗೆ ನಮಸ್ಕಾರ.

ರಜೆ ಬಂದರೆ ದೇವಸ್ಥಾನ, ಜಲಪಾತ, ಕೋಟೆಗಳ ಪಟ್ಟಿ ಹಿಡಿದು ಹೊರಡುವುದು ನಮ್ಮಲ್ಲಿ ವಾಡಿಕೆ. ಇಂದಿನ ಮಾತಿನಲ್ಲಿ ನಾನು ಇನ್ನೊಂದು ಬಗೆಯ ಪ್ರಯಾಣದ ಪರವಾಗಿ ವಾದಿಸಲಿದ್ದೇನೆ. ಒಂದು ಸಣ್ಣ ಊರಿನ ಬೇಕರಿಯನ್ನೇ ಗುರಿಯಾಗಿಟ್ಟುಕೊಂಡು, ಅಲ್ಲಿನ ಭಟ್ಟಿಯಿಂದ ಬಿಸಿ ಟ್ರೇ ಹೊರಬರುವ ಹೊತ್ತಿಗೆ ಸರಿಯಾಗಿ ಅಂಗಡಿಯ ಮುಂದೆ ನಿಲ್ಲುವುದೇ ಆ ಪ್ರಯಾಣ. ಮೈಸೂರುಪಾಕನ್ನೋ ಧಾರವಾಡದ ಪೇಡೆಯನ್ನೋ ಪೊಟ್ಟಣ ಕಟ್ಟಿ ದೂರದ ಊರಿಗೆ ಕಳುಹಿಸಬಹುದು. ಎರಡು ದಿನ ಕಳೆದರೂ ಅವುಗಳ ರುಚಿಗೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಖಾರ ಬನ್ನಿನ ವಿಷಯ ಹಾಗಲ್ಲ. ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಕರಿಬೇವು ಕಲಸಿದ ಆ ಹಿಟ್ಟು ಬೆಂದು ಹೊರಬಂದ ಮೊದಲ ಅರ್ಧ ಗಂಟೆಯಲ್ಲಿ ಇರುವ ಘಮ ಸಂಜೆಯ ವೇಳೆಗೆ ಅದರಲ್ಲಿ ಉಳಿದಿರುವುದಿಲ್ಲ. ಮರುದಿನಕ್ಕಂತೂ ಅದು ಬರಿಯ ಮೈದಾ. ಅದು ನಮ್ಮೂರಿಗೆ ಬರಲಾರದು, ನಾವೇ ಅದರ ಊರಿಗೆ ಹೋಗಬೇಕು.

ಹೋಗುವುದಾದರೆ ಎಲ್ಲಿಗೆ ಎಂದು ಕೇಳಿದರೆ, ನಾನು ಮೊದಲು ತೋರಿಸುವುದು ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ದಾರಿಯನ್ನು. ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮಗಳನ್ನು ದಾಟಿ ಹಾಸನ ಸೇರುವ ಈ ಹೆದ್ದಾರಿ ಈಗ ರಾಷ್ಟ್ರೀಯ ಹೆದ್ದಾರಿ 75. ಹಳಬರ ಬಾಯಲ್ಲಿ ಇಂದಿಗೂ 48. ದೂರ ಹೆಚ್ಚೂಕಡಿಮೆ 185 ಕಿಲೋಮೀಟರು. ನಾಲ್ಕು ಪಥದ ರಸ್ತೆಯಾದ ಮೇಲೆ ಊರುಗಳೆಲ್ಲ ಪಕ್ಕಕ್ಕೆ ಸರಿದು, ಪ್ರಯಾಣಿಕರ ಪಾಲಿಗೆ ಹಸಿರು ಫಲಕದ ಮೇಲಿನ ಹೆಸರುಗಳಾಗಿ ಮಾತ್ರ ಉಳಿದಿವೆ. ಹೆದ್ದಾರಿಯ ಬದಿಯಲ್ಲಿ ಎದ್ದಿರುವ ದೊಡ್ಡ ಹೋಟೆಲುಗಳು ಹೊಟ್ಟೆ ತುಂಬಿಸುತ್ತವೆ, ಶೌಚಾಲಯವನ್ನೂ ಚೊಕ್ಕಟವಾಗಿ ಇಟ್ಟಿರುತ್ತವೆ. ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬೇಕರಿ ಬೇಕೆನ್ನುವವರು ಬೈಪಾಸು ಬಿಟ್ಟು ಹಳೆಯ ರಸ್ತೆಗೆ ಇಳಿದು, ಬಸ್ ನಿಲ್ದಾಣದವರೆಗೂ ಹೋಗಲೇಬೇಕು. ಸಣ್ಣ ಊರಿನ ಒಳ್ಳೆಯ ಬೇಕರಿಗಳು ಸಾಮಾನ್ಯವಾಗಿ ಇರುವುದು ಬಸ್ ನಿಲ್ದಾಣದ ಎದುರಿಗೆ, ಸರ್ಕಾರಿ ಆಸ್ಪತ್ರೆಯ ಆಸುಪಾಸಿನಲ್ಲಿ ಅಥವಾ ಸಂತೆಬೀದಿಯ ತಿರುವಿನಲ್ಲಿ. ಆಸ್ಪತ್ರೆಯ ನೆರೆ ಏಕೆಂದು ಹಳ್ಳಿಯಿಂದ ಬಂದವರಿಗೆ ವಿವರಿಸಬೇಕಾಗಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಬ್ರೆಡ್ಡು ಬಹುಕಾಲ ಕಾಯಿಲೆಯವರ ಊಟವಾಗಿತ್ತು. ರೋಗಿಯನ್ನು ನೋಡಲು ಹೋಗುವವರ ಕೈಯಲ್ಲಿ ಒಂದು ಪೌಂಡು ಬ್ರೆಡ್ಡೋ ನಾಲ್ಕು ಬನ್ನೋ ಇರಲೇಬೇಕಿತ್ತು.

ಹಾಸನದ ದಾರಿಯನ್ನೇ ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ನಮ್ಮ ರಾಜ್ಯದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ, ಅಷ್ಟೇಕೆ, ತಮಿಳುನಾಡು, ಆಂಧ್ರಗಳ ಊರುಗಳಿಗೆ ಹೋದರೂ ಕಣ್ಣಿಗೆ ಬೀಳುವ ಒಂದು ಹೆಸರು ‘ಬೆಂಗಳೂರು ಅಯ್ಯಂಗಾರ್ ಬೇಕರಿ’. ಈ ಹೆಸರಿನಲ್ಲಿ ಬೆಂಗಳೂರು ಇದ್ದರೂ ಈ ಕಸುಬಿನ ಮನೆತನಗಳು ಬಂದದ್ದು ಬಹುಮಟ್ಟಿಗೆ ಹಾಸನ ಜಿಲ್ಲೆಯ ಹಳ್ಳಿಗಳಿಂದ. ಬೆಂಗಳೂರಿನ ಚಿಕ್ಕಪೇಟೆಯ ಬಿ.ಬಿ. ಬೇಕರಿಯನ್ನು, ಅಂದರೆ ಬೆಂಗಳೂರು ಬ್ರದರ್ಸ್ ಬೇಕರಿಯನ್ನು, 1898ರಲ್ಲಿ ಆರಂಭಿಸಿದವರು ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಮತ್ತು ಅವರ ಸಹೋದರರು. ಮೊದಲು ಸಿಹಿತಿಂಡಿಯ ಅಂಗಡಿ ನಡೆಸುತ್ತಿದ್ದ ಅವರಿಗೆ, ಅಂಗಡಿಗೆ ಬಂದುಹೋಗುತ್ತಿದ್ದ ಆಂಗ್ಲನೊಬ್ಬ ಬ್ರೆಡ್ಡು ಬೇಯಿಸುವ ವಿದ್ಯೆ ಹೇಳಿಕೊಟ್ಟನೆಂದು ಕಥೆ ಹೇಳುತ್ತಾರೆ. ಆಮೇಲೆ ನಡೆದದ್ದು ನಮ್ಮ ಉಡುಪಿ ಹೋಟೆಲುಗಳ ದಾರಿಯೇ. ಊರಿನಿಂದ ಅಣ್ಣನ ಮಗ ಬಂದ, ಅವನ ಹಿಂದೆ ಭಾವಮೈದುನ ಬಂದ; ಒಬ್ಬರ ಭಟ್ಟಿಯ ಮುಂದೆ ಕೆಲಸ ಕಲಿತವರು ಇನ್ನೊಂದು ಬಡಾವಣೆಯಲ್ಲಿ ತಮ್ಮದೇ ಅಂಗಡಿ ಇಟ್ಟರು. ಹಳ್ಳಿಯವರು ನಗರಕ್ಕೆ ಒಯ್ದ ಕಸುಬು ಅಲ್ಲಿ ಬೆಳೆದು, ನಗರದ ಹೆಸರನ್ನು ಹೊತ್ತು ಮತ್ತೆ ಸಣ್ಣ ಊರುಗಳಿಗೆ ಮರಳಿದೆ. ಹಾಸನ ಜಿಲ್ಲೆಯಲ್ಲಿ ನಿಂತು ‘ಬೆಂಗಳೂರು’ ಎಂಬ ಬೋರ್ಡನ್ನು ಓದುವಾಗ ನನಗೆ ಒಳಗೊಳಗೇ ನಗು ಬರುವುದುಂಟು. ಇಂದು ಆ ಬೋರ್ಡಿನ ಕೆಳಗೆ ಕುಳಿತವರೆಲ್ಲ ಆ ಸಮುದಾಯದವರೇ ಆಗಿರಬೇಕೆಂದೇನೂ ಇಲ್ಲ. ಅದೊಂದು ಬಗೆಯ ಅಡುಗೆಯ ಹೆಸರಾಗಿ ನಿಂತುಬಿಟ್ಟಿದೆ. ಮೊಟ್ಟೆ ಬಳಸದಿರುವುದು ಹಳೆಯ ಅಯ್ಯಂಗಾರ್ ಬೇಕರಿಗಳ ಹೆಗ್ಗುರುತಾಗಿತ್ತು, ಈಗ ಎಲ್ಲ ಕಡೆಯೂ ಹಾಗಿಲ್ಲವಾದ್ದರಿಂದ ಬೇಕಾದವರು ಕೇಳಿ ತಿಳಿದುಕೊಳ್ಳಬೇಕು.

ಇನ್ನು ಹೊತ್ತಿನ ವಿಚಾರ. ವಿದ್ಯುತ್ತಿನ ಅಥವಾ ಡೀಸೆಲ್ಲಿನ ಓವನ್ನಿಗೆ ಹೊತ್ತಿನ ಹಂಗಿಲ್ಲ. ಗುಂಡಿ ಒತ್ತಿದಾಗ ಕಾಯುತ್ತದೆ, ನಿಲ್ಲಿಸಿದಾಗ ಆರುತ್ತದೆ. ಸೌದೆ ಭಟ್ಟಿಯ ಕ್ರಮ ಬೇರೆ. ಇಟ್ಟಿಗೆಯಲ್ಲಿ ಕಮಾನು ಕಟ್ಟಿದ ಗೂಡಿನೊಳಗೇ ಸೌದೆ ಉರಿಸುತ್ತಾರೆ. ಇಟ್ಟಿಗೆಗಳೆಲ್ಲ ಚೆನ್ನಾಗಿ ಕಾದ ಮೇಲೆ ಕೆಂಡವನ್ನು ಹೊರಗೆ ಎಳೆದು, ಒದ್ದೆ ಗೋಣಿಯಿಂದ ಒಳನೆಲವನ್ನು ಒರೆಸಿ, ಉದ್ದ ಹಿಡಿಯ ಮರದ ಹಲಗೆಯಿಂದ ಹಿಟ್ಟಿನ ಅಚ್ಚುಗಳನ್ನು ಒಳಕ್ಕೆ ತಳ್ಳಿ ಬಾಗಿಲು ಮುಚ್ಚುತ್ತಾರೆ. ಅಲ್ಲಿಂದ ಮುಂದೆ ಬೇಯಿಸುವುದು ಬೆಂಕಿಯಲ್ಲ, ಇಟ್ಟಿಗೆಯಲ್ಲಿ ಉಳಿದ ಕಾವು. ಆ ಕಾವು ಗಂಟೆಗಂಟೆಗೂ ಇಳಿಯುತ್ತದೆ, ಇಳಿದಂತೆ ತಿನಿಸೂ ಬದಲಾಗುತ್ತದೆ. ಏರು ಕಾವಿಗೆ ಬ್ರೆಡ್ಡು, ಬನ್ನು. ಕಾವು ತುಸು ತಗ್ಗಿದ ಮೇಲೆ ಕೇಕು. ಅದರ ಬೆನ್ನಿಗೆ ಬೆಣ್ಣೆ ಬಿಸ್ಕತ್ತು, ಕೊಬ್ಬರಿ ಬಿಸ್ಕತ್ತುಗಳು. ಕೊನೆಗೆ ಉಗುರುಬೆಚ್ಚಗಿನ ಗೂಡಿನಲ್ಲಿ, ಕತ್ತರಿಸಿದ ಬ್ರೆಡ್ಡಿನ ಹೋಳುಗಳನ್ನು ಜೋಡಿಸಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತೇವವೆಲ್ಲ ಆರಿ ಗರಿಗರಿಯಾದ ರಸ್ಕು ಸಿದ್ಧ. ಒಂದೇ ಸಲ ಹೊತ್ತಿಸಿದ ಸೌದೆಯಲ್ಲಿ ಇಷ್ಟೂ ಕೆಲಸ ಮುಗಿಸುವ ಈ ಲೆಕ್ಕಾಚಾರವನ್ನು ಭಟ್ಟಿಯ ಮುಂದೆ ನಿಂತವನು ಮಾಪಕವಿಲ್ಲದೆ ಮಾಡುತ್ತಾನೆ. ಒಂದು ಚಿಟಿಕೆ ಮೈದಾವನ್ನು ಒಳನೆಲದ ಮೇಲೆ ಎರಚಿ ಅದು ಎಷ್ಟು ಬೇಗ ಕಂದುಬಣ್ಣಕ್ಕೆ ತಿರುಗಿತೆಂದು ನೋಡಿಯೇ ಕಾವನ್ನು ಅಳೆಯುವವರಿದ್ದಾರೆ.

ಆದ್ದರಿಂದ ಇಂಥ ಊರಿಗೆ ಹೋಗುವವರು ಮಾಡಬೇಕಾದ ಮೊದಲ ಕೆಲಸವೆಂದರೆ, ಏನು ಚೆನ್ನಾಗಿದೆ ಎಂದು ಕೇಳುವ ಬದಲು ಯಾವುದು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುವುದು. ಇದಕ್ಕೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಯಜಮಾನರಿಗಿಂತ, ಒಳಗಿನಿಂದ ಟ್ರೇ ಹೊತ್ತು ತರುವ ಹುಡುಗನೇ ಹೆಚ್ಚು ನಂಬಿಕೆಗೆ ಅರ್ಹ. ಬಹಳ ಕಡೆ ಬನ್ನುಗಳು ಬೆಳಗ್ಗೆ ಒಮ್ಮೆ, ಶಾಲೆ ಕಚೇರಿಗಳು ಬಿಡುವ ಹೊತ್ತಿಗೆ ಮತ್ತೊಮ್ಮೆ ಬರುತ್ತವೆ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಗಾಜಿನ ಕಪಾಟಿನಲ್ಲಿ ಬೆಳಗ್ಗೆಯಿಂದ ಬೆವೆತ ಪಪ್ಸು ತಿಂದು, ಈ ಬೇಕರಿಯ ಹೆಸರು ಸುಮ್ಮನೆ ದೊಡ್ಡದಾಯಿತು ಎಂದು ತೀರ್ಪು ಕೊಡುವುದು ನ್ಯಾಯವಲ್ಲ.

ಈ ಸೀಮೆಯಲ್ಲಿ ನಾನು ಬಿಡದೆ ತಿನ್ನಿ ಎಂದು ಹೇಳುವುದು ದಿಲ್‌ಪಸಂದನ್ನು. ಪದರಪದರವಾದ ಎರಡು ಹಿಟ್ಟಿನ ಬಿಲ್ಲೆಗಳ ನಡುವೆ ಸಕ್ಕರೆ ಬೆರೆತ ಕಾಯಿತುರಿ, ಟೂಟಿಫ್ರೂಟಿ, ಏಲಕ್ಕಿಗಳ ಹೂರಣವಿಟ್ಟು, ಅಗಲವಾಗಿ ಬೇಯಿಸಿ, ಮುಕ್ಕೋನದ ತುಂಡುಗಳಾಗಿ ಕತ್ತರಿಸಿ ಕೊಡುವ ತಿನಿಸು ಅದು. ಟೂಟಿಫ್ರೂಟಿ ಎಂದರೆ ಪರಂಗಿಕಾಯಿಯನ್ನು ಸಣ್ಣಗೆ ಹೆಚ್ಚಿ ಸಕ್ಕರೆಪಾಕದಲ್ಲಿ ಅದ್ದಿ ಬಣ್ಣ ಕಟ್ಟಿದ್ದು, ಅದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ದಿಲ್‌ಪಸಂದಿನ ಜೀವ ಇರುವುದು ತೆಂಗಿನಕಾಯಿಯಲ್ಲಿ. ಚನ್ನರಾಯಪಟ್ಟಣ, ಅರಸೀಕೆರೆ, ಪಕ್ಕದ ತಿಪಟೂರು ಎಲ್ಲವೂ ತೆಂಗಿನ ನಾಡು. ಒಣ ಕೊಬ್ಬರಿ ಪುಡಿಯನ್ನು ಚೀಲಗಟ್ಟಲೆ ಕೊಂಡು ತುಂಬುವ ಕಡೆಗೂ, ಅಂದಂದೇ ಕಾಯಿ ಒಡೆದು ತುರಿದು ಹುರಿಯುವ ಕಡೆಗೂ ಇರುವ ವ್ಯತ್ಯಾಸ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಹಾಗೆಯೇ ಹಾಸನ ಆಲೂಗೆಡ್ಡೆ ಬೆಳೆಗೆ ಹೆಸರಾದ ಜಿಲ್ಲೆ. ಮುಂಗಾರಿನ ಗೆಡ್ಡೆ ಅಗೆಯುವ ದಿನಗಳಲ್ಲಿ ಅಲ್ಲಿ ಆಲೂ ಬನ್ನು ತಿಂದವರು, ಒಳಗಿನ ಪಲ್ಯಕ್ಕೆ ಮಸಾಲೆಯ ಆಸರೆ ಅಷ್ಟಾಗಿ ಬೇಕಿಲ್ಲ ಎಂಬುದನ್ನು ಒಪ್ಪುತ್ತಾರೆ. ಜೇನುಪಾಕ ಕುಡಿಸಿ, ಮೇಲೆ ಜಾಮು ಸವರಿ, ಕೊಬ್ಬರಿ ಉದುರಿಸಿದ ಹನಿ ಕೇಕಿಗೆ ನಮ್ಮಲ್ಲಿ ಅಭಿಮಾನಿಗಳು ಬಹಳ. ನನಗೆ ಅದು ಅತಿ ಸಿಹಿ; ವಾದಕ್ಕೆ ನಿಲ್ಲುವುದಿಲ್ಲ. ಕಾವಲಿಯ ಮೇಲೆ ಬೆಣ್ಣೆ ಹಾಕಿ, ಈರುಳ್ಳಿ ಕ್ಯಾರೆಟ್ಟಿನ ಖಾರದ ಪಲ್ಯ ಹರಡಿ ಸುಟ್ಟುಕೊಡುವ ಟೋಸ್ಟನ್ನು ಮಾತ್ರ ಅಲ್ಲೇ ನಿಂತು, ಪಕ್ಕದ ಅಂಗಡಿಯ ಕಾಫಿಯೊಡನೆ ಮುಗಿಸಬೇಕು. ಸಮಯವಿದ್ದವರು ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೋ ಹಾಸನದಿಂದ ಬೇಲೂರು ಹಳೇಬೀಡುಗಳಿಗೋ ಹೋಗಿಬರಬಹುದು. ಬೆಟ್ಟ ಹತ್ತಿ ಇಳಿದವರ ಹಸಿವಿಗೆ ಬೆಣ್ಣೆ ಬಿಸ್ಕತ್ತು ಬೇರೆಯೇ ರುಚಿ ಕೊಡುತ್ತದೆ.

ಹೋಗಬಾರದ ದಿನವೂ ಒಂದಿದೆ, ಅದು ಡಿಸೆಂಬರ್ 31. ಆ ಸಂಜೆ ಬೇಕರಿಗಳ ಮುಂದೆ ಶಾಮಿಯಾನ ಹಾಕಿ, ಮೇಜುಗಳ ಮೇಲೆ ಕೇಕುಗಳನ್ನು ಸಾಲುಸಾಲಾಗಿ ಪೇರಿಸಿಟ್ಟು, ಬಣ್ಣದ ಕ್ರೀಮಿನಲ್ಲಿ ಹೊಸ ವರ್ಷದ ಶುಭಾಶಯ ಬರೆಯುವುದರಲ್ಲೇ ಕೈಗಳೆಲ್ಲ ಮುಳುಗಿರುತ್ತವೆ. ಊರಿನ ಸಂಭ್ರಮ ನೋಡುವವರಿಗೆ ಅದು ಒಳ್ಳೆಯ ದಿನವೇ. ಬನ್ನು ತಿನ್ನುವವರಿಗೆ ಅಲ್ಲ.

ರಾಜ್ಯದ ಗಡಿ ದಾಟಲು ಸಿದ್ಧರಿರುವವರಿಗೆ ಇನ್ನೆರಡು ದಾರಿಗಳನ್ನು ಹೇಳುತ್ತೇನೆ. ಮೊದಲನೆಯದು ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳ ಮೂಲಕ ನೀಲಗಿರಿಗೆ. ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಗಳಿಗೆ ನಿರ್ಬಂಧವಿದೆ. 2024ರ ಮೇ ತಿಂಗಳಿನಲ್ಲಿ ನೀಲಗಿರಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಪದ್ಧತಿಯೂ ಬಂದಿದೆ. ಇವೆರಡನ್ನೂ ಗಮನದಲ್ಲಿಟ್ಟುಕೊಂಡು ಹೊರಡಬೇಕು. ಅಲ್ಲಿ ಕೇಳಬೇಕಾದದ್ದು ಊಟಿಯ ವರ್ಕಿಯನ್ನು. ಹುದುಗು ಬಂದ ಮೈದಾ ಹಿಟ್ಟನ್ನು ತೆಳ್ಳಗೆ ಎಳೆದು, ಕೊಬ್ಬು ಸವರಿ, ಮಡಿಸಿ ಮಡಿಸಿ ತುಂಡು ಮಾಡಿ ಸೌದೆ ಭಟ್ಟಿಯಲ್ಲಿ ಸುಟ್ಟ ಈ ಒರಟು ತಿನಿಸಿಗೆ ನೋಟದ ಚೆಲುವೇನೂ ಇಲ್ಲ. ಗಟ್ಟಿ ಚಹಾಕ್ಕೆ ಅದ್ದಿದಾಗ ಅದರ ಪದರಗಳು ಒಂದೊಂದಾಗಿ ಮೆತ್ತಗಾಗುವುದೇ ಅದರ ಸೊಗಸು. ಊಟಿಯಲ್ಲಿ ವರ್ಕಿ ಮಾರದ ಬೀದಿಯಿಲ್ಲ, ಹಾಗಾಗಿ ಭಟ್ಟಿಯಿರುವ ಅಂಗಡಿಯನ್ನೇ ಹುಡುಕಿ ಕೊಳ್ಳುವುದು ಲೇಸು. ಕೂನೂರಿಗೆ ಇಳಿದರೆ ಕ್ರೌನ್ ಬೇಕರಿ ಎಂಬ, 1880ರಿಂದ ನಡೆದುಬಂದಿರುವ ಅಂಗಡಿಯಿದೆ.

ಎರಡನೆಯ ದಾರಿ ಹುಣಸೂರು, ವಿರಾಜಪೇಟೆ, ಮಾಕುಟ್ಟ ಘಾಟಿಯ ಮೂಲಕ ಕೇರಳದ ತಲಶ್ಶೇರಿಗೆ. ಅದೇ 1880ರಲ್ಲಿ ಮಂಬಳ್ಳಿ ಬಾಪು ಎಂಬುವರು ಅಲ್ಲಿ ರಾಯಲ್ ಬಿಸ್ಕತ್ತು ಕಾರ್ಖಾನೆಯನ್ನು ತೆರೆದರು. ಅಂಜರಕಂಡಿಯ ದಾಲ್ಚಿನ್ನಿ ತೋಟದ ದೊರೆ ಮರ್ಡಾಕ್ ಬ್ರೌನ್ 1883ರಲ್ಲಿ ಇಂಗ್ಲೆಂಡಿನಿಂದ ತಂದ ಒಂದು ಕೇಕನ್ನು ತೋರಿಸಿ, ಕ್ರಿಸ್‌ಮಸ್ಸಿಗೆ ಇಂಥದ್ದೇ ಬೇಕೆಂದನಂತೆ. ಫ್ರೆಂಚ್ ಬ್ರಾಂದಿ ಹಾಕೆಂದು ಹೇಳಿದ್ದಕ್ಕೆ ಬಾಪು ಗೋಡಂಬಿ ಹಣ್ಣು ಮತ್ತು ಬಾಳೆಹಣ್ಣಿನಿಂದ ಇಳಿಸಿದ ನಾಡು ಸಾರಾಯಿಯನ್ನೇ ಬಳಸಿ, ದೊರೆಯಿಂದ ಭೇಷ್ ಎನ್ನಿಸಿಕೊಂಡರೆಂದು ಅಲ್ಲಿ ಹೇಳುತ್ತಾರೆ. ಭಾರತೀಯನೊಬ್ಬ ಮಾಡಿದ ಮೊದಲ ಕ್ರಿಸ್‌ಮಸ್ ಕೇಕು ಎಂದು ಅದಕ್ಕೆ ಹೆಸರು. ಮಂಬಳ್ಳಿ ಹೆಸರಿನ ಬೇಕರಿ ತಲಶ್ಶೇರಿಯಲ್ಲಿ ಈಗಲೂ ಇದೆ. ಪ್ಲಮ್ ಕೇಕಿನ ರುಚಿ ನೋಡಬೇಕೆಂದರೆ ಡಿಸೆಂಬರಿನಲ್ಲಿ ಹೋಗಬೇಕು. ಮಳೆಗಾಲದಲ್ಲಿ ಮಾಕುಟ್ಟ ಘಾಟಿಯಲ್ಲಿ ಮಣ್ಣು ಕುಸಿಯುವುದುಂಟು, ವಿಚಾರಿಸಿಕೊಂಡು ಹೊರಡಿ.

ಕೊನೆಯದಾಗಿ, ಮನೆಗೆ ಕಟ್ಟಿಸಿಕೊಂಡು ಬರುವ ವಿಷಯ. ರಸ್ಕು, ಬೆಣ್ಣೆ ಬಿಸ್ಕತ್ತು, ವರ್ಕಿಗಳು ಡಬ್ಬಿಯಲ್ಲಿಟ್ಟರೆ ಕೆಲವು ದಿನ ಗರಿಯಾಗಿಯೇ ಇರುತ್ತವೆ, ಪ್ಲಮ್ ಕೇಕು ಇಟ್ಟಷ್ಟೂ ಹದವಾಗುತ್ತದೆ. ದಿಲ್‌ಪಸಂದನ್ನು ತಾಜಾ ಕಾಯಿಯಿಂದ ಮಾಡಿದ್ದರೆ ಅಂದೇ ತಿಂದು ಮುಗಿಸಿ, ಏಕೆಂದರೆ ಸೆಕೆಯ ದಿನಗಳಲ್ಲಿ ಹೂರಣ ಬೇಗ ಹಳಸುತ್ತದೆ. ಬಿಸಿ ಬನ್ನನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಲು ಬಿಡಬೇಡಿ. ಒಳಗೇ ಹಬೆ ಕಟ್ಟಿ ಮೈಯೆಲ್ಲ ಅಂಟಂಟಾಗುತ್ತದೆ. ಹಳೆಯ ಅಂಗಡಿಗಳಲ್ಲಿ ಕಾಗದದ ಪೊಟ್ಟಣವೇ ಕೊಡುತ್ತಾರೆ, ಇಲ್ಲವಾದರೆ ಮನೆಯಿಂದ ಬಟ್ಟೆಯ ಚೀಲ ಒಯ್ಯಿರಿ. ಅದೂ ಬೇಡವೆಂದರೆ ಕಾರಿನ ಬಾಗಿಲು ತೆರೆದಿಟ್ಟು, ಬೇಕರಿಯ ಎದುರಿಗೇ ಮುಗಿಸಿಬಿಡಿ. ನಮಸ್ಕಾರ.